ಸಿಂಪಿಗರು ಕಟ್ಟಿದ ಶಾಲೆ, ಅಲ್ಲಿ ಓದಿದವರು

ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಎಂಬ ಸಾಲು ಅದರದ್ದೇ. ಕನ್ನಡ ಓದಿದವರಿಗೆ ಈ ಸಾಲು ಹೇಳಿಕೊಡಬೇಕಾಗಿಲ್ಲ, ಅಲ್ವಾ? ಈ ಶಾಸನವನ್ನು ಓದಿ, 1881ರಲ್ಲಿ ಅಚ್ಚಿಗೆ ತಂದವರು ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣ ಚಾಲುಕ್ಯರು ಎಂದು ನಾವು ಇವತ್ತು ಸಲೀಸಾಗಿ ಹೇಳುವ ವಂಶಗಳ ಇತಿಹಾಸವನ್ನು ಶಾಸನಗಳಿಂದ ಹೆಕ್ಕಿ ಜೋಡಿಸಿದ ಮೊದಲಿಗರಲ್ಲಿ ಅವರೂ ಒಬ್ಬರು.

ಫ್ಲೀಟ್ ಓದಿದ್ದು ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯಲ್ಲಿ. ಆ ಶಾಲೆ ಶುರುವಾಗಿದ್ದು 1561ರಲ್ಲಿ. ವಿಜಯನಗರ ಇನ್ನೂ ತಲೆಯೆತ್ತಿ ನಿಂತಿದ್ದ ಕಾಲ ಅದು. ತಾಳಿಕೋಟೆಯ ಯುದ್ಧಕ್ಕೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಅಲ್ಲಿಂದ ಇಲ್ಲಿಯವರೆಗೆ ಶಾಲೆ ನಡೆಯುತ್ತಲೇ ಇದೆ.

ಅಲ್ಲಿ ಓದಿದವರ ಹೆಸರುಗಳನ್ನು ನೋಡಿ. ಕವಿ ಎಡ್ಮಂಡ್ ಸ್ಪೆನ್ಸರ್, ನಾಟಕಕಾರ ಥಾಮಸ್ ಕಿಡ್, ಭಾರತದ ಚರಿತ್ರೆಯನ್ನು ತಿರುಗಿಸಿದ ರಾಬರ್ಟ್ ಕ್ಲೈವ್, ಭೌತವಿಜ್ಞಾನಿ ಜೇಮ್ಸ್ ಜೀನ್ಸ್, ನೊಬೆಲ್ ಪಡೆದ ಜಾನ್ ಸಲ್ಸ್ಟನ್, ನಟ ರಿಜ್ ಅಹ್ಮದ್. ಒಂದೇ ಶಾಲೆಯಿಂದ ಇಷ್ಟೊಂದು ಜನ ಹೇಗೆ ಬಂದರು? ಪಾಠ ಚೆನ್ನಾಗಿತ್ತು ಎನ್ನುವುದು ಸುಲಭದ ಉತ್ತರ. ಅದು ಸುಳ್ಳಲ್ಲ, ಆದರೆ ಅಷ್ಟು ಸಾಲದು. ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿ ಅರ್ಥವಾಗಬೇಕಾದರೆ ಮೂರು ವಿಷಯ ತಿಳಿಯಬೇಕು: ದುಡ್ಡು ಯಾರದ್ದು, ಒಳಗೆ ಬಿಟ್ಟುಕೊಂಡಿದ್ದು ಯಾರನ್ನು, ಓದು ಮುಗಿದ ಮೇಲೆ ಯಾವ ಬಾಗಿಲು ತೆರೆಯಿತು.

ಮೊದಲು ಒಂದು ಗೊಂದಲ ಬಿಡಿಸೋಣ. ಇಂಗ್ಲೆಂಡಿನಲ್ಲಿ 'ಪಬ್ಲಿಕ್ ಸ್ಕೂಲ್' ಎಂದರೆ ಸರ್ಕಾರಿ ಶಾಲೆ ಅಲ್ಲ. ಜಾಸ್ತಿ ಫೀಸು ತೆಗೆದುಕೊಳ್ಳುವ, ಸರ್ಕಾರದ ಹಿಡಿತದಲ್ಲಿಲ್ಲದ ಹಳೆಯ ಖಾಸಗಿ ಶಾಲೆ. ಹಾಗಾದರೆ 'ಪಬ್ಲಿಕ್' ಯಾಕೆ? ಒಂದು ಕಾಲದಲ್ಲಿ ದೊಡ್ಡ ಮನೆತನದವರು ಮಕ್ಕಳಿಗೆ ಮನೆಯಲ್ಲೇ ಮೇಷ್ಟ್ರನ್ನಿಟ್ಟು ಓದಿಸುತ್ತಿದ್ದರು. ಕೆಲವು ಶಾಲೆಗಳು ಇಂಥ ಊರಿನವರೇ, ಇಂಥ ಕಸುಬಿನವರೇ ಬೇಕು ಎನ್ನುತ್ತಿದ್ದವು. ಯಾವ ಊರಿನ ಹುಡುಗನಾದರೂ ಬರಬಹುದು ಎಂದ ಶಾಲೆಗಳಿಗೆ ಪಬ್ಲಿಕ್ ಎಂಬ ಹೆಸರು ಬಂತು. ನಮ್ಮಲ್ಲೂ ಈ ಮಾತು ಎರಡೂ ಕಡೆ ಓಡಾಡುತ್ತದೆ. ಎಷ್ಟೋ ಖಾಸಗಿ ಶಾಲೆಗಳ ಬೋರ್ಡಿನಲ್ಲಿ 'ಪಬ್ಲಿಕ್ ಸ್ಕೂಲ್' ಎಂದಿದೆ, ಸರ್ಕಾರ ನಡೆಸುವ 'ಕರ್ನಾಟಕ ಪಬ್ಲಿಕ್ ಸ್ಕೂಲ್' ಕೂಡ ಇದೆ. ಇಂಗ್ಲೆಂಡಿನವರು ಗೊಂದಲ ಬೇಡ ಎಂದು ಈಗ 'ಇಂಡಿಪೆಂಡೆಂಟ್ ಸ್ಕೂಲ್' ಎನ್ನುತ್ತಾರೆ.

1861ರಲ್ಲಿ ಬ್ರಿಟಿಷ್ ಸರ್ಕಾರ ಕ್ಲಾರೆಂಡನ್ ಆಯೋಗ ನೇಮಿಸಿ, ಇಂಥ ಒಂಬತ್ತು ದೊಡ್ಡ ಶಾಲೆಗಳ ವಿಚಾರಣೆ ಮಾಡಿಸಿತು. ಈಟನ್, ಹ್ಯಾರೋ, ರಗ್ಬಿ, ವಿಂಚೆಸ್ಟರ್ ಇದ್ದ ಆ ಗುಂಪಿನಲ್ಲಿ ಮರ್ಚೆಂಟ್ ಟೇಲರ್ಸ್ ಕೂಡ ಇತ್ತು. ಆದರೆ ಆ ವಿಚಾರಣೆಯ ನಂತರ ಬಂದ 1868ರ ಕಾಯ್ದೆಗೆ ಒಳಪಟ್ಟಿದ್ದು ಏಳೇ ಶಾಲೆಗಳು. ಮರ್ಚೆಂಟ್ ಟೇಲರ್ಸ್ ಮತ್ತು ಸೇಂಟ್ ಪಾಲ್ಸ್ ಹೊರಗುಳಿದವು. ಇವೆರಡೂ ಲಂಡನ್ ಪಟ್ಟಣದ ಶಾಲೆಗಳು. ಹುಡುಗರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಿದ್ದರು. ಈ ಒಂದು ಸಂಗತಿ ಮುಖ್ಯ. ಹಾಸ್ಟೆಲಿನ ಖರ್ಚಿಲ್ಲದ ಕಾರಣ ಸಣ್ಣ ಅಂಗಡಿಯವನ ಮಗನೂ, ಗುಮಾಸ್ತನ ಮಗನೂ ಇಲ್ಲಿಗೆ ಬರಬಹುದಿತ್ತು.

ಇನ್ನು ದುಡ್ಡಿನ ವಿಷಯ. ಈ ಶಾಲೆ ಕಟ್ಟಿದವರು ರಾಜರಲ್ಲ, ಮಠಾಧಿಪತಿಗಳಲ್ಲ. ಸಿಂಪಿಗರು. ಮರ್ಚೆಂಟ್ ಟೇಲರ್ಸ್ ಕಂಪನಿ ಎಂದರೆ ಲಂಡನ್ನಿನ ದರ್ಜಿಗಳ ಮತ್ತು ಬಟ್ಟೆ ವ್ಯಾಪಾರಿಗಳ ಸಂಘ. ಇದು ಇವತ್ತಿನ ಅರ್ಥದ ಕಂಪನಿ ಅಲ್ಲ. ನಮ್ಮ ಹಳೆಯ ವ್ಯಾಪಾರಿ ಸಂಘವಾದ ಅಯ್ಯಾವೊಳೆಯ ಐನೂರ್ವರನ್ನು ನೆನೆಸಿಕೊಂಡರೆ ಇದು ಎಂಥದ್ದು ಎಂದು ಅಂದಾಜಾಗುತ್ತದೆ. ಕಸುಬಿನ ಕಟ್ಟುಪಾಡು ನೋಡಿಕೊಳ್ಳುವುದು, ದಾನಧರ್ಮ ಮಾಡುವುದು, ಊರಿನ ಆಡಳಿತದಲ್ಲಿ ಕೈ ಇಡುವುದು, ಎಲ್ಲವೂ ಇತ್ತು. ಮರ್ಯಾದೆಯ ವಿಷಯದಲ್ಲಿ ಬಲು ಬಿಗಿ. ಲಂಡನ್ನಿನ ಸಂಘಗಳ ಸಾಲಿನಲ್ಲಿ ಆರನೇ ಸ್ಥಾನ ತಮಗೋ ಚರ್ಮದ ವ್ಯಾಪಾರಿಗಳಿಗೋ ಎಂದು ಜಗಳ ಹತ್ತಿ, 1484ರಲ್ಲಿ ಮೇಯರ್ ಪಂಚಾಯ್ತಿ ಮಾಡಬೇಕಾಯಿತು. ಒಂದು ವರ್ಷ ಇವರು ಆರನೆಯವರು, ಮರುವರ್ಷ ಅವರು ಆರನೆಯವರು ಎಂದು ತೀರ್ಪಾಯಿತು.

ಸಂಘದ ರಿಚರ್ಡ್ ಹಿಲ್ಸ್ ಎಂಬ ಸದಸ್ಯ 500 ಪೌಂಡ್ ಕೊಟ್ಟರು. ಸಫೋಕ್ ಲೇನ್ ಎಂಬ ಓಣಿಯಲ್ಲಿ ಒಂದು ಹಳೆಯ ಮಹಲಿನ ಭಾಗವನ್ನು ಸಂಘ ಕೊಂಡುಕೊಂಡಿತು. ಶಾಲೆಯ ನಿಯಮ ಹೀಗಿತ್ತು: 250 ಹುಡುಗರಿಗೆ ಜಾಗ, ಯಾವ ದೇಶದವರಾದರೂ ಭೇದವಿಲ್ಲ, ಅದರಲ್ಲಿ 100 ಬಡವರ ಮಕ್ಕಳಿಗೆ ಫೀಸೇ ಇಲ್ಲ. ಆ 100 ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಶಾಲೆ ಇವತ್ತು ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲವು ಹೆಸರುಗಳು ಬಂದಿದ್ದು ಇಂಥ ಬಾಗಿಲಿನಿಂದಲೇ.

ಮೊದಲ ಮುಖ್ಯೋಪಾಧ್ಯಾಯ ರಿಚರ್ಡ್ ಮಲ್ಕಾಸ್ಟರ್. ಅವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನಗೆ ಈ ಶಾಲೆಯ ಕಥೆಯಲ್ಲಿ ತುಂಬಾ ಹಿಡಿಸಿದ ವ್ಯಕ್ತಿ ಅವರು. 1561ರಿಂದ 1586ರವರೆಗೆ, 25 ವರ್ಷ ಅವರು ಅಲ್ಲಿದ್ದರು. ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿಸಿದರು. ಅಷ್ಟೇ ಆಗಿದ್ದರೆ ಆ ಕಾಲದ ಬೇರೆ ಮೇಷ್ಟ್ರುಗಳ ಹಾಗೆ ಇವರೂ ಒಬ್ಬರು ಎನ್ನಬಹುದಿತ್ತು. ಆದರೆ ಅವರು ಹುಡುಗರಿಗೆ ಹಾಡು ಕಲಿಸಿದರು, ನಾಟಕ ಆಡಿಸಿದರು. ಆ ಹುಡುಗರು ಎಲಿಜಬೆತ್ ರಾಣಿಯ ಆಸ್ಥಾನದಲ್ಲೇ ನಾಟಕ ಆಡಿ ಬಂದರು. ಮೈಗೆ ವ್ಯಾಯಾಮ ಬೇಕು, ಚೆಂಡಾಟ ಬೇಕು ಎಂದು ಬರೆದರು. ಹೆಣ್ಣುಮಕ್ಕಳಿಗೂ ಓದು ಬೇಕು ಎಂದೂ ಬರೆದರು. ಅವರ ಶಾಲೆಗೆ ಮಾತ್ರ ಹೆಣ್ಣುಮಕ್ಕಳು ಬರಲಿಲ್ಲ. ಇವತ್ತಿಗೂ ಅದು ಗಂಡುಮಕ್ಕಳ ಶಾಲೆಯೇ.

ಎಲ್ಲಕ್ಕಿಂತ ದೊಡ್ಡದು ಅವರ ಭಾಷೆಯ ವಿಚಾರ. 1582ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಕೇಳಿದ್ದು ಇಷ್ಟು: ಎಲ್ಲವನ್ನೂ ಇಂಗ್ಲಿಷಿನಲ್ಲೇ ಯಾಕೆ ಬರೆಯಬಾರದು? ರೋಮ್ ಮೇಲೆ ಪ್ರೀತಿ ಇದೆ, ಲಂಡನ್ ಮೇಲೆ ಅದಕ್ಕಿಂತ ಜಾಸ್ತಿ ಪ್ರೀತಿ ಇದೆ, ಲ್ಯಾಟಿನ್ನಿಗೆ ಗೌರವ ಕೊಡುತ್ತೇನೆ, ಆದರೆ ಪೂಜೆ ಮಾಡುವುದು ಇಂಗ್ಲಿಷನ್ನು ಎಂದರು. ಆಗ ವಿದ್ಯೆ ಎಂದರೆ ಲ್ಯಾಟಿನ್. ಇಂಗ್ಲಿಷ್ ಅಂದರೆ ಮನೆಮಾತು, ಸಂತೆಯ ಮಾತು. ಅದಕ್ಕೆ ಸರಿಯಾದ ಕಾಗುಣಿತದ ಕಟ್ಟಳೆಯೂ ಇರಲಿಲ್ಲ. ಮಲ್ಕಾಸ್ಟರ್ ಕೂತು ಸಾವಿರಾರು ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿ, ಹೇಗೆ ಬರೆಯಬೇಕು ಎಂದು ತೋರಿಸಿದರು. ಇವತ್ತು ಜಗತ್ತನ್ನೆಲ್ಲ ಆವರಿಸಿರುವ ಭಾಷೆಯ ಪರವಾಗಿ ಒಬ್ಬ ಶಾಲಾ ಮೇಷ್ಟ್ರು ಹೀಗೆ ವಾದ ಮಾಡಬೇಕಾದ ದಿನವೂ ಇತ್ತು. ಕನ್ನಡದಲ್ಲಿ ವಿಜ್ಞಾನ ಬರೆಯಲು ಆಗುತ್ತದೆಯೇ ಎಂಬ ಪ್ರಶ್ನೆ ಕೇಳಿಕೊಂಡೇ ಬೆಳೆದ ನಮಗೆ ಈ ವಿಷಯ ಬೇಗ ತಟ್ಟುತ್ತದೆ.

ಅವರ ಕೈಕೆಳಗೆ ಕಲಿತ ಹುಡುಗನೇ ಎಡ್ಮಂಡ್ ಸ್ಪೆನ್ಸರ್. ಇಂಗ್ಲಿಷಿನಲ್ಲಿ ಮಹಾಕಾವ್ಯ ಬರೆಯಬಹುದು ಎಂದು 1590ರಲ್ಲಿ ತೋರಿಸಿಕೊಟ್ಟವರು. ಅವರ ಬಾಲ್ಯದ ಬಗ್ಗೆ ದಾಖಲೆಗಳು ಕಡಿಮೆ. ಇರುವ ಕೆಲವೇ ದಾಖಲೆಗಳಲ್ಲಿ ಒಂದು ಲೆಕ್ಕದ ಪುಸ್ತಕದ್ದು. 1569ರಲ್ಲಿ ರಾಬರ್ಟ್ ನೋವೆಲ್ ಎಂಬ ಶ್ರೀಮಂತ ವಕೀಲ ತೀರಿಕೊಂಡರು. ಅವರ ಅಂತ್ಯಕ್ರಿಯೆಗೆ ಬಂದ ಬಡ ವಿದ್ಯಾರ್ಥಿಗಳಿಗೆ ಒಂದು ನಿಲುವಂಗಿ, ಒಂದು ಶಿಲ್ಲಿಂಗ್ ದಾನ ಸಿಕ್ಕಿತು. ಮರ್ಚೆಂಟ್ ಟೇಲರ್ಸ್‌ನಿಂದ ಆ ದಾನ ಪಡೆದ ಹುಡುಗರ ಸಾಲಿನಲ್ಲಿ ಸ್ಪೆನ್ಸರನ ಹೆಸರಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂಬ್ರಿಜ್ಜಿಗೆ ಹೊರಟಾಗ ಅದೇ ನಿಧಿಯಿಂದ 10 ಶಿಲ್ಲಿಂಗ್ ಸಿಕ್ಕಿತು. ಕೇಂಬ್ರಿಜ್ಜಿನಲ್ಲೂ ಅವರು ಸೇರಿದ್ದು 'ಸೈಜರ್' ಆಗಿ. ಎಂದರೆ ಕಾಲೇಜಿನಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಊಟ, ವಸತಿ, ಓದು ಗಿಟ್ಟಿಸಿಕೊಳ್ಳುವ ಹುಡುಗ. ನಮ್ಮಲ್ಲಿ ವಾರಾನ್ನ ಮಾಡಿ ಓದಿದ ಹಿರಿಯರ ಕಥೆ ಕೇಳಿದವರಿಗೆ ಇದು ಅಪರಿಚಿತ ಬದುಕಲ್ಲ.

ಆ ತಲೆಮಾರಿನಲ್ಲೇ ಇನ್ನೂ ಕೆಲವರಿದ್ದಾರೆ. ಥಾಮಸ್ ಕಿಡ್ 1565ರ ಅಕ್ಟೋಬರ್‌ನಲ್ಲಿ ಶಾಲೆಗೆ ಸೇರಿದರು. ಅವರ ತಂದೆ ಪತ್ರ ಬರೆದುಕೊಡುವ ಕಸುಬಿನವರು. ಶೇಕ್ಸ್‌ಪಿಯರ್‌ಗಿಂತ ಮೊದಲೇ ಸೇಡಿನ ನಾಟಕವನ್ನು ಲಂಡನ್ ರಂಗದ ಮೇಲೆ ಗೆಲ್ಲಿಸಿದವರು ಕಿಡ್. ಹಡಗಿನ ಕೆಲಸದವರ ಮಗ ಲ್ಯಾನ್ಸ್‌ಲಾಟ್ ಆಂಡ್ರೂಸ್ ಮುಂದೆ ಬಿಷಪ್ ಆದರು. 1611ರ ಇಂಗ್ಲಿಷ್ ಬೈಬಲ್ಲಿನ ಮೊದಲ ಭಾಗವನ್ನು ಅನುವಾದಿಸಿದ ತಂಡಕ್ಕೆ ಅವರೇ ಮುಂದಾಳು. ಅವರಿಗೆ 15 ಭಾಷೆ ಬರುತ್ತಿತ್ತು ಎನ್ನುತ್ತಾರೆ. ಪತ್ರ ಬರೆಯುವವನ ಮಗ, ಹಡಗಿನವನ ಮಗ, ಕವಿಯಾಗಲಿದ್ದ ಬಡ ಹುಡುಗ, ಮೂವರೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಒಬ್ಬನೇ ಮೇಷ್ಟ್ರ ಶಾಲೆಯಲ್ಲಿ ಇದ್ದರು. ಪಾಠ ಚೆನ್ನಾಗಿತ್ತು ಎಂಬ ಉತ್ತರಕ್ಕೆ ಬಲವಾದ ಸಾಕ್ಷಿ ಬೇಕಾದರೆ ಇಲ್ಲಿದೆ.

ಆದರೆ ಮೂರನೇ ಪ್ರಶ್ನೆ ಮರೆಯಬಾರದು. ಓದು ಮುಗಿದ ಮೇಲೆ ಎಲ್ಲಿಗೆ? ಸಿಂಪಿಗರ ಸಂಘದ ಇನ್ನೊಬ್ಬ ದೊಡ್ಡ ಸದಸ್ಯ ಸರ್ ಥಾಮಸ್ ವೈಟ್. ಅವರು 1555ರಲ್ಲೇ ಆಕ್ಸ್‌ಫರ್ಡಿನಲ್ಲಿ ಸೇಂಟ್ ಜಾನ್ಸ್ ಕಾಲೇಜು ಕಟ್ಟಿಸಿದ್ದರು. ಅಲ್ಲಿನ 50 ಫೆಲೋಶಿಪ್‌ಗಳಲ್ಲಿ 43 ಇದೇ ಶಾಲೆಯ ಹುಡುಗರಿಗೆ ಮೀಸಲು. ಉಳಿದ ಏಳು ಬೇರೆ ಊರುಗಳ ಶಾಲೆಗಳಿಗೆ. ಫೆಲೋಶಿಪ್ ಎಂದರೆ ಊಟ, ವಸತಿ, ಸಂಭಾವನೆ, ಜೊತೆಗೆ ಚರ್ಚಿನ ದೊಡ್ಡ ಹುದ್ದೆಗಳಿಗೆ ದಾರಿ. ಶಾಲೆಯ ಬೆಂಚಿನಿಂದ ಆಕ್ಸ್‌ಫರ್ಡಿಗೆ ನೇರ ಕಾಲುವೆ ತೋಡಿಟ್ಟಂತಾಯಿತು. ನೀರು ಹರಿಯದೇ ಇರುತ್ತದೆಯೇ? 300 ವರ್ಷಗಳ ಹತ್ತಿರ ಹರಿಯಿತು. 19ನೇ ಶತಮಾನದ ಸುಧಾರಣೆಗಳು ಬಂದ ಮೇಲೆ ಈ ಮೀಸಲು ಸಡಿಲವಾಯಿತು.

ಶಾಲೆಯ ಪಟ್ಟಿಯಲ್ಲಿ ಬಿಷಪ್ಪರು, ಆರ್ಚ್‌ಬಿಷಪ್ಪರು ಅಷ್ಟೊಂದು ಇರುವುದಕ್ಕೆ ಇದೇ ಕಾರಣ. ಅವರಲ್ಲಿ ವಿಲಿಯಂ ಜಕ್ಸನ್ ಒಬ್ಬರು. 1649ರ ಜನವರಿ 30ರಂದು ಒಂದನೇ ಚಾರ್ಲ್ಸ್ ದೊರೆಯ ತಲೆ ಕಡಿದಾಗ, ವಧಾ ವೇದಿಕೆಯ ಮೇಲೆ ದೊರೆಯ ಜೊತೆ ನಿಂತಿದ್ದ ಪಾದ್ರಿ ಅವರೇ. ಶಾಲೆಯಿಂದ ಸೇಂಟ್ ಜಾನ್ಸ್, ಅಲ್ಲಿಂದ ಚರ್ಚು, ಕೊನೆಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಪದವಿ. ಅದೇ ಕಾಲುವೆಯ ದಾರಿ.

ಇಂಥ ಪಟ್ಟಿಗಳನ್ನು ಓದುವಾಗ ಕೆಲವು ಕಡೆ ಎಚ್ಚರ ಬೇಕು. ರಾಬರ್ಟ್ ಕ್ಲೈವ್ ಹೆಸರು ಮರ್ಚೆಂಟ್ ಟೇಲರ್ಸ್ ಪಟ್ಟಿಯಲ್ಲಿದೆ, ನಿಜ. ಆದರೆ ಅವನು ಅಲ್ಲಿದ್ದದ್ದು ಸ್ವಲ್ಪ ಕಾಲ ಮಾತ್ರ. ಅವನ ಪುಂಡಾಟಿಕೆಯಿಂದ ಒಂದು ಶಾಲೆಯಿಂದ ಇನ್ನೊಂದಕ್ಕೆ ಅಲೆದು, 1744ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ ಮದರಾಸಿಗೆ ಬಂದ. ಆರ್ಕಾಟಿನಲ್ಲಿ, ಪ್ಲಾಸಿಯಲ್ಲಿ ಅವನು ಮಾಡಿದ್ದಕ್ಕೂ ಆ ಲಂಡನ್ ಶಾಲೆಯ ಬೆಂಚಿಗೂ ಗಂಟು ಹಾಕುವುದು ಕಷ್ಟ. ಪಟ್ಟಿಯಲ್ಲಿ ಹೆಸರು ಸೇರಲು ದಾಖಲಾತಿ ಸಾಕು, ಎಷ್ಟು ದಿನ ಇದ್ದರು ಎಂದು ಪಟ್ಟಿ ಹೇಳುವುದಿಲ್ಲ.

ಕೆಟ್ಟ ಹೆಸರುಗಳೂ ಇವೆ. ಟೈಟಸ್ ಓಟ್ಸ್ 1665ರಲ್ಲಿ ಸೇರಿ, ವರ್ಷದೊಳಗೆ ಹೊರಹಾಕಿಸಿಕೊಂಡವನು. 1678ರಲ್ಲಿ ಇದೇ ಓಟ್ಸ್, ಕ್ಯಾಥೊಲಿಕರು ದೊರೆಯನ್ನು ಕೊಲ್ಲಲು ಸಂಚು ಮಾಡಿದ್ದಾರೆ ಎಂದು ಸುಳ್ಳು ಹುಟ್ಟಿಸಿದ. ಅದನ್ನು ನಂಬಿದ ದೇಶ ಕನಿಷ್ಠ 15 ಅಮಾಯಕರನ್ನು ಕೊಂದಿತು. ಸ್ಪೆನ್ಸರನ ಹೆಸರು ಹೇಳುವ ಶಾಲೆ ಓಟ್ಸ್‌ನ ಹೆಸರನ್ನೂ ಹೇಳಬೇಕು. ಅವನನ್ನು ಶಾಲೆ ರೂಪಿಸಲಿಲ್ಲ ಎನ್ನುವುದಾದರೆ, ಕ್ಲೈವನನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ಇನ್ನೊಂದು ತೊಡಕು ಹೆಸರಿನದು. ಲಿವರ್‌ಪೂಲ್ ಹತ್ತಿರದ ಕ್ರಾಸ್ಬಿ ಎಂಬಲ್ಲಿ 1620ರಲ್ಲಿ ಶುರುವಾದ ಮತ್ತೊಂದು ಮರ್ಚೆಂಟ್ ಟೇಲರ್ಸ್ ಇದೆ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದ ರಾಬರ್ಟ್ ರನ್ಸಿ ಓದಿದ್ದು ಅಲ್ಲಿ, ಲಂಡನ್ನಿನ ಶಾಲೆಯಲ್ಲಲ್ಲ. ಅವಸರದಲ್ಲಿ ಓದಿದರೆ ಎರಡೂ ಕಲಸಿಹೋಗುತ್ತವೆ.

ಶಾಲೆಯ ಕಟ್ಟಡದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1666ರ ಲಂಡನ್ ಮಹಾಬೆಂಕಿಯಲ್ಲಿ ಹಳೆಯ ಕಟ್ಟಡ ಸುಟ್ಟುಹೋಯಿತು. ಅದೇ ಜಾಗದಲ್ಲಿ ಮತ್ತೆ ಕಟ್ಟಿದರು. 1875ರಲ್ಲಿ ಚಾರ್ಟರ್‌ಹೌಸ್ ಚೌಕಕ್ಕೆ, 1933ರಲ್ಲಿ ಲಂಡನ್ನಿನ ಅಂಚಿನ ನಾರ್ತ್‌ವುಡ್ ಹತ್ತಿರದ ಸ್ಯಾಂಡಿ ಲಾಡ್ಜ್‌ಗೆ ಹೋಯಿತು. ಈಗಲೂ ಅಲ್ಲೇ ಇದೆ. ಹೀಗಾಗಿ ಹುಡುಗರು ಓದಿದ ಗೋಡೆಗಳೇ ಬೇರೆ ಬೇರೆ. ಜೇಮ್ಸ್ ಜೀನ್ಸ್ ಚಾರ್ಟರ್‌ಹೌಸ್ ಚೌಕದ ಕಾಲದವರು. ನಕ್ಷತ್ರಗಳ ವಿಜ್ಞಾನವನ್ನು ಸಾಮಾನ್ಯ ಓದುಗರಿಗೆ ಬಿಡಿಸಿ ಹೇಳಿದ ಅವರು, 1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದರು. ಅಧ್ಯಕ್ಷರಾಗಬೇಕಿದ್ದ ರುದರ್‌ಫರ್ಡ್ ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು.

ಸ್ಯಾಂಡಿ ಲಾಡ್ಜ್ ಕಾಲದವರಲ್ಲಿ ನನಗೆ ಜಾನ್ ಸಲ್ಸ್ಟನ್ ಮುಖ್ಯ. ತಂದೆ ಪಾದ್ರಿ, ತಾಯಿ ಶಿಕ್ಷಕಿ. ಸ್ಕಾಲರ್‌ಶಿಪ್ ಮೇಲೆ ಶಾಲೆಗೆ ಬಂದರು. ಮುಂದೆ ಒಂದು ಮಿಲಿಮೀಟರ್ ಉದ್ದದ ಹುಳುವೊಂದನ್ನು ಹಿಡಿದು, ಒಂದೇ ಕೋಶದಿಂದ ಅದರ ಮೈಯ 959 ಕೋಶಗಳು ಹೇಗೆ ಹುಟ್ಟುತ್ತವೆ ಎಂದು ಸೂಕ್ಷ್ಮದರ್ಶಕದ ಮುಂದೆ ಕೂತು ಗುರುತು ಹಾಕಿದರು. ಎಂಥ ತಾಳ್ಮೆಯ ಕೆಲಸ! 2002ರಲ್ಲಿ ನೊಬೆಲ್ ಬಂತು. ಆದರೆ ಅವರ ದೊಡ್ಡ ಕೊಡುಗೆ ಬೇರೆಯದು ಎಂದೇ ನನ್ನ ಅಭಿಪ್ರಾಯ. ಮನುಷ್ಯನ ಜೀನೋಮ್ ಓದುವ ಯೋಜನೆಯಲ್ಲಿ ಬ್ರಿಟನ್ನಿನ ಪಾಲನ್ನು ಮುನ್ನಡೆಸಿದವರು ಅವರು. ಓದಿದ ಮಾಹಿತಿಯನ್ನು 24 ಗಂಟೆಯೊಳಗೆ ಎಲ್ಲರಿಗೂ ಉಚಿತವಾಗಿ ಕೊಡಬೇಕು ಎಂಬ ಕಟ್ಟಳೆ 1996ರಲ್ಲಿ ಬಂದಾಗ ಅದರ ಹಿಂದೆ ಗಟ್ಟಿಯಾಗಿ ನಿಂತವರಲ್ಲಿ ಸಲ್ಸ್ಟನ್ ಒಬ್ಬರು. ಇವತ್ತು ಯಾವ ಊರಿನ ಲ್ಯಾಬಿನಲ್ಲಿ ಕೂತ ವಿದ್ಯಾರ್ಥಿಯಾದರೂ ಆ ಮಾಹಿತಿಯನ್ನು ದುಡ್ಡು ಕೊಡದೆ ತೆರೆದು ನೋಡಬಹುದು.

ರಿಜ್ ಅಹ್ಮದ್ ಕೂಡ ಸ್ಕಾಲರ್‌ಶಿಪ್ ಹುಡುಗನೇ. ವೆಂಬ್ಲಿಯ ಪಾಕಿಸ್ತಾನಿ ಮೂಲದ ಮನೆ. ಅಲ್ಲಿಂದ ಈ ಶಾಲೆ, ಆಮೇಲೆ ಆಕ್ಸ್‌ಫರ್ಡ್, 2022ರಲ್ಲಿ ಕಿರುಚಿತ್ರಕ್ಕೆ ಆಸ್ಕರ್. 1561ರ ನಿಯಮದಲ್ಲಿ 'ಯಾವ ದೇಶದವರಾದರೂ' ಎಂದು ಬರೆದವರು ಇಂಥ ಹುಡುಗನನ್ನು ಊಹಿಸಿರಲಾರರು. ಆದರೆ ಬರೆದ ಮಾತು ಉಳಿಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ ಖಾಸಗಿ ಶಾಲೆಯಲ್ಲಿ ಓದುವವರು ನೂರಕ್ಕೆ ಸುಮಾರು 7 ಜನ. ಶಿಕ್ಷಣದಲ್ಲಿ ಸಮಾನ ಅವಕಾಶಕ್ಕಾಗಿ ಕೆಲಸ ಮಾಡುವ ಸಟನ್ ಟ್ರಸ್ಟ್ ಪಾಲ್ಗೊಂಡ 2019ರ ಅಧ್ಯಯನದ ಪ್ರಕಾರ ಅಲ್ಲಿನ ಹಿರಿಯ ನ್ಯಾಯಾಧೀಶರಲ್ಲಿ ನೂರಕ್ಕೆ 65 ಜನ ಇಂಥ ಶಾಲೆಗಳಿಂದ ಬಂದವರು. 7 ಮತ್ತು 65. ಇಷ್ಟು ದೊಡ್ಡ ಅಂತರವನ್ನು ಬುದ್ಧಿವಂತಿಕೆಯ ಲೆಕ್ಕಕ್ಕೆ ಹಾಕಲು ಆಗುವುದಿಲ್ಲ. 2025ರ ಜನವರಿಯಿಂದ ಅಲ್ಲಿನ ಸರ್ಕಾರ ಈ ಶಾಲೆಗಳ ಫೀಸಿನ ಮೇಲೆ ಶೇಕಡಾ 20ರಷ್ಟು ತೆರಿಗೆ ಹಾಕಿದೆ. ಅದರ ಬಗ್ಗೆ ದೊಡ್ಡ ವಾದವೂ ನಡೆಯಿತು. ಫೀಸು ಏರಿದಷ್ಟೂ ಉಚಿತ ಜಾಗಗಳು ಎಷ್ಟು ಉಳಿಯುತ್ತವೆ ಎನ್ನುವುದೇ ನನಗೆ ದೊಡ್ಡ ಪ್ರಶ್ನೆ.

ಈಗ ಫ್ಲೀಟ್ ಕಡೆಗೆ ಮರಳೋಣ. ಅವರು ಓದಿದ್ದು ಬೆಂಕಿಯ ನಂತರ ಕಟ್ಟಿದ ಸಫೋಕ್ ಲೇನಿನ ಕಟ್ಟಡದಲ್ಲಿ. 1855ರಿಂದ ಭಾರತದ ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಶುರುವಾಗಿತ್ತು. ಅದಕ್ಕೂ ಮೊದಲು ಕಂಪನಿಯ ನಿರ್ದೇಶಕರ ಶಿಫಾರಸು ಬೇಕಿತ್ತು. ಪರೀಕ್ಷೆಯಲ್ಲಿ ಲ್ಯಾಟಿನ್, ಗ್ರೀಕಿಗೆ ಅಂಕ ಜಾಸ್ತಿ. ಹಳೆಯ ಭಾಷೆಗಳನ್ನೇ ಶತಮಾನಗಳಿಂದ ಕಲಿಸುತ್ತಿದ್ದ ಶಾಲೆಗಳಿಗೆ ಇದು ಹೊಸ ಕಾಲುವೆ ಸಿಕ್ಕಂತೆ. ಫ್ಲೀಟ್ 1865ರಲ್ಲಿ ಆಯ್ಕೆಯಾದರು. ಲಂಡನ್ನಿನಲ್ಲಿ ಗೋಲ್ಡ್‌ಸ್ಟುಕರ್ ಎಂಬ ವಿದ್ವಾಂಸರ ಹತ್ತಿರ ಸಂಸ್ಕೃತ ಕಲಿತು, 1867ರಲ್ಲಿ ಮುಂಬಯಿಗೆ ಬಂದಿಳಿದರು. ಬೆಳಗಾವಿ, ಧಾರವಾಡ, ಬಿಜಾಪುರದ ಸೀಮೆಯಲ್ಲಿ ಕೆಲಸ ಮಾಡುತ್ತ ಹಳಗನ್ನಡ ಕಲಿತರು. ಲ್ಯಾಟಿನ್ ವಾಕ್ಯವನ್ನು ಪದಪದವಾಗಿ ಬಿಡಿಸಿ ಓದುವ ಶಾಲೆಯ ಅಭ್ಯಾಸ ಶಾಸನ ಓದಲು ಎಷ್ಟು ಒದಗಿತು ಎಂದು ಅವರ ಲೇಖನಗಳನ್ನು ನೋಡಿದರೆ ಗೊತ್ತಾಗುತ್ತದೆ. ಒಂದೊಂದು ಅಕ್ಷರಕ್ಕೂ ಟಿಪ್ಪಣಿ.

1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ ಅವರ ಪುಸ್ತಕ ಬಂತು. 1883ರಲ್ಲಿ ಸರ್ಕಾರ ಅವರನ್ನು ಶಾಸನತಜ್ಞರಾಗಿ ನೇಮಿಸಿತು. ಅವರು ಹೇಳಿದ್ದೆಲ್ಲ ಸರಿ ಎಂದಲ್ಲ. ಗಂಗರ ತಾಮ್ರಪಟಗಳು ಖೋಟಾ ಎಂದು ಅವರು, ಅಲ್ಲ ಎಂದು ಮೈಸೂರು ಸೀಮೆಯ ಶಾಸನಗಳನ್ನು ಸಂಪಾದಿಸಿದ ಬಿ.ಎಲ್. ರೈಸ್, ಇಬ್ಬರೂ ವರ್ಷಗಟ್ಟಲೆ ವಾದ ಮಾಡಿದರು. ಆ ವಾದದಿಂದಲೇ ಕರ್ನಾಟಕದ ಇತಿಹಾಸ ಬರೆಯುವ ಕ್ರಮ ಹದಕ್ಕೆ ಬಂತು.

ನನಗೆ ಫ್ಲೀಟ್ ಹತ್ತಿರವಾಗುವುದು ಮಾತ್ರ ಶಾಸನಗಳಿಂದಲ್ಲ, ಲಾವಣಿಗಳಿಂದ. 1880ರ ದಶಕದಲ್ಲಿ ಅವರು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಾಡುತ್ತಿದ್ದ ಕೆಲವು ಲಾವಣಿಗಳನ್ನು ಬರೆಸಿಕೊಂಡು, ಕನ್ನಡ ಮೂಲ ಮತ್ತು ಇಂಗ್ಲಿಷ್ ಅನುವಾದದ ಸಮೇತ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದು ಬ್ರಿಟಿಷರು ಹಾಕಿದ ಆದಾಯ ತೆರಿಗೆಯ ಮೇಲೆ. ಒಂದು 1857ರಲ್ಲಿ ಹತಾರ ಒಪ್ಪಿಸುವುದಿಲ್ಲ ಎಂದು ಎದ್ದುನಿಂತ ಹಲಗಲಿ ಬೇಡರ ಮೇಲೆ. ಇನ್ನೊಂದು ಸಂಗೊಳ್ಳಿ ರಾಯಣ್ಣನ ಮೇಲೆ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಫ್ಲೀಟ್ ಸಂಬಳ ಪಡೆಯುತ್ತಿದ್ದ ಸರ್ಕಾರಕ್ಕಿಂತ ಮೊದಲಿದ್ದ ಕಂಪನಿ ಸರ್ಕಾರ. ಆ ಘಟನೆ ಆಗಿ ಆಗ ಇನ್ನೂ 60 ವರ್ಷವೂ ಕಳೆದಿರಲಿಲ್ಲ. ಹಾಡುವವರ ಬಾಯಲ್ಲಿ ರಾಯಣ್ಣ ಇನ್ನೂ ಬಿಸಿಯಾಗಿದ್ದ. ಆ ಹಾಡು ಮೊದಲು ಅಚ್ಚಾದದ್ದು ಲಂಡನ್ನಿನ ಸಿಂಪಿಗರ ಶಾಲೆಯಲ್ಲಿ ಓದಿದ ಈ ಅಧಿಕಾರಿಯ ಕೈಯಿಂದ, ಕನ್ನಡ ಅಕ್ಷರಗಳಲ್ಲೇ.